ಆನೆಕಾಲು ಹುಳುವಿನಿಂದ ಕುಗ್ಗುವ ರೋಗನಿರೋಧಕ ಶಕ್ತಿ: ಪರೀಕ್ಷೆ, ಚಿಕಿತ್ಸೆ ಮತ್ತು ಆರೈಕೆಗಾಗಿ ಮನವಿ ಪತ್ರ

ಇವರಿಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ಮುಖಾಂತರ: ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ.

ವಿಷಯ: ಆನೆಕಾಲು ರೋಗದ ಲಕ್ಷಣರಹಿತ ಸೋಂಕನ್ನು ಪತ್ತೆಹಚ್ಚಿ ಗುಣಪಡಿಸುವುದು, ಬಾಧಿತರಿಗೆ ನಿರಂತರ ಆರೈಕೆ ಒದಗಿಸುವುದು ಹಾಗೂ ಈ ಸೋಂಕನ್ನು ಕ್ಷಯ ಮತ್ತು ಎಚ್‌ಐವಿ ಕಾರ್ಯಕ್ರಮಗಳ ಜೊತೆ ಸೇರಿಸಿ ನೋಡುವ ಕುರಿತು.

ಮಾನ್ಯರೇ,

ಆನೆಕಾಲು ರೋಗದ ಬಾಧಿತರು, ಅವರ ಕುಟುಂಬದವರು ಮತ್ತು ಅವರ ಆರೈಕೆಯಲ್ಲಿ ತೊಡಗಿರುವ ನಾವು ಈ ಮನವಿಯನ್ನು ತಮ್ಮ ಮುಂದಿಡುತ್ತಿದ್ದೇವೆ. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲೂ ಕರಾವಳಿಯ ಮೂರು ಜಿಲ್ಲೆಗಳಲ್ಲೂ ಈ ರೋಗ ಬೇರೂರಿತ್ತೆಂಬುದು ಸರ್ಕಾರದ ದಾಖಲೆಯಲ್ಲೇ ಇದೆ. 2002ರ ರಾಷ್ಟ್ರೀಯ ಆರೋಗ್ಯ ನೀತಿಯು 2015ರೊಳಗೆ ಇದನ್ನು ನಿರ್ಮೂಲನೆ ಮಾಡುವ ಗುರಿ ಇಟ್ಟಿತ್ತು. ಆ ಗಡುವು ಮುಂದೆ ಮುಂದೆ ಹೋಗಿ ಈಗ 2027ಕ್ಕೆ ಬಂದು ನಿಂತಿದೆ.

ನಾವು ಮುಖ್ಯವಾಗಿ ಹೇಳಬೇಕಾದ ಮಾತು ಒಂದೇ: ಕಾಲು ಊದಿಲ್ಲ ಎಂದರೆ ಹುಳು ಸುಮ್ಮನಿದೆ ಎಂದಲ್ಲ. ಅದು ಒಳಗೊಳಗೇ ದೇಹದ ರೋಗನಿರೋಧಕ ಶಕ್ತಿಯನ್ನು ತನಗೆ ಬೇಕಾದಂತೆ ಬಗ್ಗಿಸುತ್ತಿರುತ್ತದೆ.

ಹುಳು ಮಾಡುವ ಹಾನಿ

ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯಿಂದ ಮೈಸೇರುವ ವುಚೆರೇರಿಯಾ ಬ್ಯಾಂಕ್ರಾಫ್ಟಿ ಹುಳು ದುಗ್ಧನಾಳಗಳಲ್ಲಿ ನೆಲೆಸುತ್ತದೆ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಓಡಾಡುವ ದಾರಿಯೂ ಅದೇ. ಅಲ್ಲಿ ಅದು ಸರಾಸರಿ 6ರಿಂದ 8 ವರ್ಷ ಬದುಕಿ ಲಕ್ಷಾಂತರ ಮರಿಗಳನ್ನು ರಕ್ತಕ್ಕೆ ಬಿಡುತ್ತದೆ. ಹೊರಗಿನ ಜೀವಿಯೊಂದು ವರ್ಷಗಟ್ಟಲೆ ಒಳಗಿದ್ದರೂ ದೇಹ ಅದನ್ನು ಕೊಲ್ಲುವುದಿಲ್ಲ. ಬೆಳೆ ಕಾಯುವವನನ್ನೇ ಒಲಿಸಿಕೊಂಡು ಹೊಲದಲ್ಲಿ ಬೀಡುಬಿಟ್ಟ ಕಳ್ಳನಂತೆ ಈ ಹುಳುವಿನ ನಡೆ. ಅದು ಸ್ರವಿಸುವ ವಸ್ತುಗಳ ಪ್ರಭಾವದಿಂದ ನಿಯಂತ್ರಕ ಟಿ ಕೋಶಗಳು ಚುರುಕಾಗುತ್ತವೆ. ದಾಳಿಯನ್ನು ತಣಿಸುವ ಇಂಟರ್‌ಲ್ಯೂಕಿನ್-10 ಮತ್ತು ಟಿಜಿಎಫ್-ಬೀಟಾ ಹೆಚ್ಚುತ್ತವೆ. ಹುಳುವಿಗೆ ಅಂಟಿಕೊಂಡರೂ ಉರಿಯೂತವನ್ನು ಕೆರಳಿಸದ ಐಜಿಜಿ-4 ಪ್ರತಿಕಾಯಗಳು ಏರುತ್ತವೆ. ಹೀಗಾಗಿ ರಕ್ತದ ತುಂಬ ಮರಿಹುಳುಗಳಿದ್ದರೂ ಮನುಷ್ಯ ಆರೋಗ್ಯವಂತನಂತೆ ಕಾಣುತ್ತಾನೆ, ರಾತ್ರಿ ಕಚ್ಚುವ ಸೊಳ್ಳೆಗೆ ಸೋಂಕು ದಾಟಿಸುತ್ತಲೇ ಇರುತ್ತಾನೆ.

ಈ ತಣಿಸುವಿಕೆ ಹುಳುವಿಗಷ್ಟೇ ಸೀಮಿತವಲ್ಲ. ಗುಪ್ತ ಕ್ಷಯ ಇರುವವರಲ್ಲಿ ಆನೆಕಾಲು ಹುಳುವೂ ಇದ್ದರೆ ಕ್ಷಯಾಣುವಿನ ವಿರುದ್ಧದ ಟಿ ಕೋಶಗಳ ಪ್ರತಿಕ್ರಿಯೆ ತಗ್ಗುತ್ತದೆಂದು ಚೆನ್ನೈನಲ್ಲಿ ನಡೆದ ಸಂಶೋಧನೆ 2009ರಲ್ಲೇ ತೋರಿಸಿದೆ. ತಾಂಜಾನಿಯಾದ ಎಂಬೆಯಾ ಪ್ರಾಂತ್ಯದ ಜನರನ್ನು ವರ್ಷಗಳ ಕಾಲ ಗಮನಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಹುಳು ಇದ್ದವರಿಗೆ ಎಚ್‌ಐವಿ ತಗಲುವ ಪ್ರಮಾಣ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಕಂಡುಬಂತು. ಕರುಳಿನ ಹುಳುಗಳ ಕಥೆಯೂ ಇದಕ್ಕೆ ದೂರವಲ್ಲ. ಜಂತುಹುಳು ನಿವಾರಿಸಿದ ಮೇಲೆ ಇಥಿಯೋಪಿಯಾದಲ್ಲಿ ಬಿಸಿಜಿ ಲಸಿಕೆಗೂ ಈಕ್ವೆಡಾರ್‌ನಲ್ಲಿ ಬಾಯಿಯ ಮೂಲಕ ಕೊಡುವ ಕಾಲರಾ ಲಸಿಕೆಗೂ ದೇಹದ ಪ್ರತಿಕ್ರಿಯೆ ಸುಧಾರಿಸಿತು. ನಮ್ಮ ಜಿಲ್ಲೆಗಳ ಕ್ಷಯಕ್ಕೆಲ್ಲ ಆನೆಕಾಲು ಹುಳುವೇ ಕಾರಣ ಎಂದು ನಾವು ವಾದಿಸುತ್ತಿಲ್ಲ. ಒಂದೇ ಮೈಯಲ್ಲಿರುವ ರೋಗಗಳನ್ನು ಬೇರೆ ಬೇರೆ ಕಡತಗಳಲ್ಲಿಟ್ಟು ನೋಡುವುದು ನಿಲ್ಲಬೇಕು ಎನ್ನುತ್ತಿದ್ದೇವೆ.

ಕೆಲವರಲ್ಲಿ ಈ ತಣಿಸುವಿಕೆ ತಿರುವುಮುರುವಾಗುತ್ತದೆ. ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಕೆರಳಿ ಇಯೊಸಿನೊಫಿಲ್ ಕಣಗಳು ವಿಪರೀತ ಏರಿ, ರಾತ್ರಿಯೆಲ್ಲ ಕೆಮ್ಮು, ಉಬ್ಬಸ ಕಾಡುತ್ತವೆ. ಇದನ್ನು ಅಸ್ತಮಾ ಅಥವಾ ಕ್ಷಯ ಎಂದು ತಿಳಿದು ತಿಂಗಳುಗಟ್ಟಲೆ ಬೇರೆ ಔಷಧ ಕೊಡುವುದುಂಟು. ಸರಿಯಾಗಿ ಗುರುತಿಸಿದರೆ ಸಾಮಾನ್ಯವಾಗಿ ಮೂರು ವಾರಗಳ ಡಿಇಸಿ ಎಂಬ ಹುಳುನಾಶಕ ಮಾತ್ರೆಯಿಂದ ವಾಸಿಯಾಗುವ ಕಾಯಿಲೆ ಇದು.

ನೆಲದ ಮೇಲಿನ ಪರಿಸ್ಥಿತಿ

ಊರಿನವರಿಗೆಲ್ಲ ಔಷಧ ನುಂಗಿಸುವ ಸಾಮೂಹಿಕ ಕಾರ್ಯಕ್ರಮದಲ್ಲಿ ಮಾತ್ರೆ ಹಂಚಲು ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಾಗ ಹೆಚ್ಚಿನ ಕಡೆ ಕೇಳಿಬರುವ ಮಾತು, "ಉಂಡ ಮ್ಯಾಲ ತಗೋತೀನವ್ವ, ಅಲ್ಲಿಡು." ಮಾತ್ರೆ ಸೆರಗಿನ ಗಂಟಿಗೋ ಗೋಡೆಯ ಗೂಡಿಗೋ ಹೋಗುತ್ತದೆ, ಪುಸ್ತಕದಲ್ಲಿ ಮಾತ್ರ ನುಂಗಿದ ಲೆಕ್ಕ ಸೇರುತ್ತದೆ. ಮಾತ್ರೆ ನುಂಗಿದ ನೆರೆಮನೆಯವರಿಗೆ ಜ್ವರ, ತಲೆಸುತ್ತು ಬಂದದ್ದನ್ನು ನೋಡಿ ಹೆದರಿದವರೂ ಇದ್ದಾರೆ. ಸಾಯುತ್ತಿರುವ ಮರಿಹುಳುಗಳಿಗೆ ದೇಹ ತೋರುವ ಪ್ರತಿಕ್ರಿಯೆ ಅದು, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದು ಅವರಿಗೆ ಮೊದಲೇ ತಿಳಿಸಿದವರಿಲ್ಲ. ಇನ್ನು ಗುಳೆ ಹೋದ ಕುಟುಂಬಗಳ ಮನೆಗೆ ಬೀಗವಿರುತ್ತದೆ. ಅವರು ಬೆಂಗಳೂರಿನ ಕಟ್ಟಡ ಕೆಲಸದಲ್ಲೋ ಇಟ್ಟಿಗೆ ಭಟ್ಟಿಯಲ್ಲೋ ಇರುವಾಗ ಇಲ್ಲಿ ಕಾರ್ಯಕ್ರಮ ಮುಗಿದಿರುತ್ತದೆ.

ಊತ ಬಂದವರ ಪಾಡು ಬೇರೆ. ಊದಿದ ಪಾದಕ್ಕೆ ಅಂಗಡಿಯ ಯಾವ ಚಪ್ಪಲಿಯೂ ಹಿಡಿಸದೆ ಬರಿಗಾಲಲ್ಲಿ ತೊಗರಿ ಹೊಲಕ್ಕೆ ಹೋಗುವ ಹೆಂಗಸರು ನಮ್ಮಲ್ಲಿದ್ದಾರೆ. ಕೊಯ್ದ ಗಿಡದ ಕೂಳೆ ಚುಚ್ಚುತ್ತದೆ, ಬೆರಳ ಸಂದಿಯಲ್ಲಿ ಬಿರುಕು ಬಿಡುತ್ತದೆ, ಅಲ್ಲಿಂದ ಬ್ಯಾಕ್ಟೀರಿಯಾ ಒಳಸೇರುತ್ತದೆ. ಹಾಳಾದ ದುಗ್ಧನಾಳಗಳಿಗೆ ಅದನ್ನು ತಡೆಯುವ ಬಲವಿಲ್ಲ. ಚಳಿಜ್ವರ ಬಂದು ಹಾಸಿಗೆ ಹಿಡಿದರೆ ಕೂಲಿ ಹೋಯಿತು, ಪ್ರತಿ ಬಾರಿಯೂ ಊತ ಮತ್ತಷ್ಟು ಗಟ್ಟಿಯಾಯಿತು. ದಿನವೂ ಸೋಪು ನೀರಿನಲ್ಲಿ ತೊಳೆದು, ಸಂದಿ ಒಣಗುವಂತೆ ಒರೆಸಿ, ಕಾಲನ್ನು ಎತ್ತರದಲ್ಲಿಟ್ಟು, ಹೊಂದುವ ಚಪ್ಪಲಿ ಮೆಟ್ಟಿದರೆ ಈ ಜ್ವರದ ಬಾಧೆಯನ್ನು ಬಹುಮಟ್ಟಿಗೆ ತಡೆಯಬಹುದು.

ನಮ್ಮ ಬೇಡಿಕೆಗಳು

1. ಮಾತ್ರೆ ಹಂಚಿದ ಲೆಕ್ಕದ ಬದಲು ಕಾರ್ಯಕರ್ತೆಯ ಎದುರೇ ನುಂಗಿದವರ ಲೆಕ್ಕವನ್ನಷ್ಟೇ ಸಾಧನೆ ಎಂದು ಪರಿಗಣಿಸಬೇಕು. ಊಟದ ವೇಳೆಗೆ ಹೊಂದುವಂತೆ ಸಂಜೆಯ ಭೇಟಿಗೂ ಅವಕಾಶ ಕೊಟ್ಟು, ಅದಕ್ಕೆ ಆಶಾ ಕಾರ್ಯಕರ್ತೆಯರಿಗೆ ಪ್ರತ್ಯೇಕ ಗೌರವಧನ ನೀಡಬೇಕು.

2. ಗುಳೆ ಹೋದವರಿಗೆ ಅವರು ದುಡಿಯುವ ಸ್ಥಳದಲ್ಲಿ ಅಥವಾ ಊರಿಗೆ ಮರಳಿದಾಗ ಔಷಧ ಸಿಗುವಂತೆ ಮಾಡಬೇಕು.

3. ಅಡ್ಡಪರಿಣಾಮಗಳ ಬಗ್ಗೆ ಮುಂಚಿತವಾಗಿ ತಿಳಿಸಿ, ಔಷಧ ನುಂಗಿಸುವ ದಿನಗಳಲ್ಲಿ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತುರ್ತು ತಂಡವನ್ನು ಸಜ್ಜಾಗಿಡಬೇಕು.

4. ಬೆರಳ ತುದಿಯ ರಕ್ತದಿಂದ ಹಗಲಲ್ಲೂ ಮಾಡಬಹುದಾದ ಫೈಲೇರಿಯಾ ಸ್ಟ್ರಿಪ್ ಪರೀಕ್ಷೆಯನ್ನು ಬಾಧಿತ ಜಿಲ್ಲೆಗಳ ಕ್ಷಯ ಮತ್ತು ಎಚ್‌ಐವಿ ತಪಾಸಣಾ ಕೇಂದ್ರಗಳಲ್ಲಿ ಒದಗಿಸಬೇಕು. ಸೋಂಕು ಕಂಡವರಿಗೂ ಅವರ ಮನೆಮಂದಿಗೂ ಚಿಕಿತ್ಸೆ ಖಾತ್ರಿಯಾಗಬೇಕು.

5. ರಾತ್ರಿ ಕೆಮ್ಮು ಮತ್ತು ಅಧಿಕ ಇಯೊಸಿನೊಫಿಲ್ ಇರುವವರಲ್ಲಿ ಆನೆಕಾಲು ಹುಳುವಿನ ಸಾಧ್ಯತೆಯನ್ನು ಪರಿಶೀಲಿಸುವಂತೆ ವೈದ್ಯಾಧಿಕಾರಿಗಳಿಗೆ ತರಬೇತಿ ನೀಡಬೇಕು.

6. ಊತ ಇರುವ ಪ್ರತಿಯೊಬ್ಬರಿಗೂ ಆರೈಕೆ ಕಿಟ್ ಮತ್ತು ಕಾಲಿನ ಅಳತೆಗೆ ಹೊಲಿದ ಚಪ್ಪಲಿ ಕೊಡಬೇಕು. ಹೈಡ್ರೋಸೀಲ್ (ವೃಷಣಚೀಲದ ಊತ) ಶಸ್ತ್ರಚಿಕಿತ್ಸೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ, ಕಾಲಮಿತಿಯೊಳಗೆ ಮಾಡಬೇಕು. ನಡೆದಾಡಲು ಆಗದವರ ಅಂಗವೈಕಲ್ಯ ಮೌಲ್ಯಮಾಪನವನ್ನು ನಿರಾಕರಿಸಬಾರದು.

7. 1ರಿಂದ 19 ವರ್ಷದವರಿಗೆ ನಡೆಯುವ ಜಂತುಹುಳು ನಿವಾರಣಾ ದಿನದಲ್ಲಿ ಶಾಲೆ ಬಿಟ್ಟ ಮಕ್ಕಳನ್ನು ಮನೆಮನೆಗೆ ಹೋಗಿ ತಲುಪಬೇಕು.

8. ತೆರೆದ ಚರಂಡಿ ಮುಚ್ಚುವ ಕೆಲಸವನ್ನು ರೋಗ ಕಂಡುಬಂದ ಗ್ರಾಮ ಪಂಚಾಯಿತಿಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕು.

9. ಹುಳುವಿನ ಸೋಂಕು ಕ್ಷಯ, ಎಚ್‌ಐವಿ ಮತ್ತು ಲಸಿಕೆಯ ಫಲದ ಮೇಲೆ ಬೀರುವ ಪರಿಣಾಮವನ್ನು ಈ ಭಾಗದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಮೂಲಕ ಅಧ್ಯಯನ ಮಾಡಿಸಿ, ವರದಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು.

10. ಸಾಮೂಹಿಕ ಔಷಧ ನಿಂತ ಜಿಲ್ಲೆಗಳಲ್ಲೂ ಕೀಟಶಾಸ್ತ್ರಜ್ಞರ ಮತ್ತು ಪ್ರಯೋಗಾಲಯ ಸಿಬ್ಬಂದಿಯ ಹುದ್ದೆಗಳನ್ನು ಭರ್ತಿಮಾಡಿ ಕಣ್ಗಾವಲು ಮುಂದುವರಿಸಬೇಕು.

ಐವರ್‌ಮೆಕ್ಟಿನ್ ಸೇರಿಸಿದ ತ್ರಿವಳಿ ಔಷಧ ಕ್ರಮಕ್ಕೆ ದೇಶದಲ್ಲಿ ಮೊದಲ ಹಂತದಲ್ಲೇ ಆಯ್ಕೆಯಾದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಇಲ್ಲಿನ ಜನ ಸಹಕರಿಸುತ್ತಾರೆಂದು ನಂಬಿಯೇ ಇಲಾಖೆ ಬಂದಿತ್ತು. ಅದೇ ನಂಬಿಕೆಯಿಂದ ನಾವೂ ತಮ್ಮ ಬಳಿ ಬಂದಿದ್ದೇವೆ. 30 ದಿನಗಳೊಳಗೆ ಪ್ರತಿ ಬೇಡಿಕೆಗೂ ಲಿಖಿತ ಉತ್ತರ ನೀಡಬೇಕು, ಜಿಲ್ಲಾ ಮಟ್ಟದ ಪರಿಶೀಲನಾ ಸಭೆಗಳಲ್ಲಿ ಬಾಧಿತರ ಪ್ರತಿನಿಧಿಗಳಿಗೆ ಸ್ಥಾನ ಕೊಡಬೇಕು ಎಂದು ಒತ್ತಾಯಿಸುತ್ತೇವೆ.



ಇಂತಿ ತಮ್ಮ ವಿಶ್ವಾಸಿಗಳು,
ಆನೆಕಾಲು ರೋಗ ಬಾಧಿತರು, ಕುಟುಂಬದವರು ಮತ್ತು ಆರೈಕೆದಾರರು

ಸ್ಥಳ: ಕಲಬುರಗಿ

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು.