ಕ್ಯಾಸೆಟ್ಟೂ ಒಂದು ಹಸ್ತಪ್ರತಿ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕನ್ನಡ ಸಂಶೋಧಕರಿಗೆ ಶಾಸನಗಳ ಮೂಲಕ ಚಿರಪರಿಚಿತ. ತಾಳಗುಂದ, ಬಳ್ಳಿಗಾವೆ, ಕುಪ್ಪಟೂರುಗಳ ಶಾಸನಗಳನ್ನು ಒಳಗೊಂಡ ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳನ್ನು ಬಿ.ಎಲ್. ರೈಸ್ ಅವರು ಕ್ರಮವಾಗಿ 1902 ಮತ್ತು 1904ರಲ್ಲಿ ಪ್ರಕಟಿಸಿದರು. ಕಲ್ಲಿನ ಮೇಲಣ ಅಕ್ಷರಕ್ಕೆ ಸಂದ ಈ ಆಸ್ಥೆ ಇದೇ ಸೀಮೆಯ ಮನೆಗಳ ಅಟ್ಟದಲ್ಲಿ ಉಳಿದಿರಬಹುದಾದ ವಿಡಿಯೊ ಕ್ಯಾಸೆಟ್ಟುಗಳಿಗೂ ಸಲ್ಲಬೇಕಾಗಿದೆ.

1990ರ ದಶಕದಲ್ಲಿ ಮದುವೆಗಳನ್ನು ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಚಿತ್ರೀಕರಿಸುವುದು ತಾಲ್ಲೂಕು ಕೇಂದ್ರಗಳಲ್ಲೂ ರೂಢಿಗೆ ಬಂದಿತ್ತು. ದೀವರ ಮನೆಯ ಮದುವೆಯಾದರೆ ವಧೂವರರ ಹಿಂದೆ ಹಸೆಗೋಡೆಯ ಚಿತ್ತಾರವಿರುತ್ತದೆ. ಪಕ್ಕದಲ್ಲಿ ಹೆಂಗಸರ ಹಾಡಿರುತ್ತದೆ. ದೀಪಾವಳಿಯ ಚಿತ್ರೀಕರಣವಾದರೆ ಅಂಟಿಗೆ-ಪಂಟಿಗೆಯ ತಂಡ ಬಾಗಿಲಿಗೆ ಬಂದದ್ದೂ ಅದರಲ್ಲಿ ಸೇರಿರಬಹುದು. ಚಿತ್ರೀಕರಿಸಿದವನ ಉದ್ದೇಶ ಬೇರೆಯೇ ಆಗಿದ್ದರೂ ಹೀಗೆ ಆಕಸ್ಮಿಕವಾಗಿ ಉಳಿದ ಹಾಡು ಇಂದು ಜಾನಪದದ ಆಕರ. ಅದನ್ನು ಹಾಡಿದವರಲ್ಲಿ ಎಷ್ಟೋ ಮಂದಿ ಈಗಿಲ್ಲವೆಂಬುದು ಅದರ ಬೆಲೆಯನ್ನು ಹೆಚ್ಚಿಸುತ್ತದೆ.

ಕಲ್ಲು ಕಾಯಬಲ್ಲದು, ಟೇಪು ಕಾಯಲಾರದು. ಮಳೆಗಾಲದ ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ. ಅದನ್ನು ಶುಚಿಗೊಳಿಸದೆ ಓಡಿಸಿದರೆ ಯಂತ್ರ ಕೆಡುವುದಲ್ಲದೆ ಬೂಷ್ಟು ಇತರ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಇನ್ನು ಓಡಿಸುವ ಯಂತ್ರವೇ ವಿರಳವಾಗಿದೆ. ಜಪಾನಿನ ಫುನಾಯ್ ಸಂಸ್ಥೆ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿತು.

ಆದರೆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ವರ್ಗಾಯಿಸಿದ ಮಾತ್ರಕ್ಕೆ ಸಂರಕ್ಷಣೆ ಆದಂತಲ್ಲ. ವರ್ಗಾವಣೆಯ ಜೊತೆಯಲ್ಲೇ ಸಂಕಲನವನ್ನೂ ಮಾಡಿ, ಬೇಸರ ತರಿಸುವ ಭಾಗಗಳನ್ನು ಕತ್ತರಿಸಿ, ಗದ್ದಲವೆನಿಸಿದ ಧ್ವನಿಯನ್ನು ತೆಗೆದು ಸಿನಿಮಾ ಹಾಡು ಸೇರಿಸುವುದು ಸಾಮಾನ್ಯ. ಹಾಗೆ ಕತ್ತರಿಸಿದ ಭಾಗದಲ್ಲೇ ಹಸೆ ಹಾಡು ಇರಬಹುದು. ಗ್ರಂಥಸಂಪಾದನೆಯ ಶಿಸ್ತನ್ನು ಬಲ್ಲವರಿಗೆ ಈ ಅಪಾಯವನ್ನು ವಿವರಿಸಬೇಕಾಗಿಲ್ಲ. ಹಸ್ತಪ್ರತಿಯನ್ನು ನಕಲು ಮಾಡುವಾಗಲೇ ತಿದ್ದಿದ ಲಿಪಿಕಾರನು ಮುಂದಿನ ಸಂಪಾದಕನ ಆಯ್ಕೆಯನ್ನೇ ಕಸಿದುಕೊಳ್ಳುತ್ತಾನೆ. ಆದ್ದರಿಂದ ಕ್ಯಾಸೆಟ್ಟಿನ ಮೊದಲಿನಿಂದ ಕೊನೆಯವರೆಗೆ, ಖಾಲಿ ಭಾಗಗಳೂ ಸೇರಿದಂತೆ, ಯಥಾಪ್ರತಿಯನ್ನು ಮೊದಲು ಪಡೆಯಬೇಕು. ಸಂಕಲನವೇನಿದ್ದರೂ ಅದರ ಮತ್ತೊಂದು ನಕಲಿನ ಮೇಲೆ ನಡೆಯಬೇಕು.

ಪಾಠಾಂತರದ ಪ್ರಶ್ನೆಯೂ ಇಲ್ಲಿದೆ. ಹೈ-ಫೈ ಪದ್ಧತಿಯಲ್ಲಿ ಮುದ್ರಿತವಾದ ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಧ್ವನಿಗೆ ಎರಡು ಪಥಗಳಿರುತ್ತವೆ: ಟೇಪಿನ ಅಂಚಿನಲ್ಲಿ ಸಾಗುವ ಸಾಮಾನ್ಯ ಪಥ ಮತ್ತು ಚಿತ್ರದೊಡನೆಯೇ ಮುದ್ರಿತವಾಗುವ ಹೈ-ಫೈ ಪಥ. ಅದೇ ಕ್ಯಾಸೆಟ್ಟಿನ ಮೇಲೆ ಅನಂತರ ಆಡಿಯೊ ಡಬ್ಬಿಂಗ್ ಮಾಡಿದ್ದರೆ ಅಳಿಯುವುದು ಸಾಮಾನ್ಯ ಪಥದ ಧ್ವನಿ ಮಾತ್ರ. ಹೈ-ಫೈ ಪಥವನ್ನು ಓದಬಲ್ಲ ವಿಸಿಆರ್ ಬಳಸಿದರೆ ಸಿನಿಮಾ ಹಾಡಿನ ಅಡಿಯಲ್ಲಿ ಹೆಂಗಸರ ಹಾಡು ಮತ್ತೆ ಕೇಳಿಸೀತು. ವರ್ಗಾಯಿಸುವವರು ಎರಡನ್ನೂ ಬೇರೆಬೇರೆಯಾಗಿ ದಾಖಲಿಸಿಕೊಳ್ಳುವುದು ಅವಶ್ಯ.

ಈ ಕಾರ್ಯಕ್ಕೆ ಅಪಾರ ವೆಚ್ಚದ ಅಗತ್ಯವಿಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯ ಕಾಲ ಬೇಕು, ಡಿ.ವಿ. ರೂಪದಲ್ಲಿ ಸುಮಾರು 13 ಜಿ.ಬಿ. ಸ್ಥಳ ಸಾಕು. ತಂತ್ರಜ್ಞನು ಒದಗಿಸಲಾರದ್ದೆಂದರೆ ಊರು, ವರ್ಷ, ಸಂದರ್ಭ, ಹಾಡಿದವರ ವಿವರ ಮತ್ತು ಹಾಡಿನ ಪಠ್ಯ. ಮನೆಯವರ ಒಪ್ಪಿಗೆ ಪಡೆದು, ಹಿರಿಯರನ್ನು ಕೂರಿಸಿಕೊಂಡು ಇವನ್ನು ಬರೆದಿಡಬೇಕಾದವರು ಕನ್ನಡ ಅಧ್ಯಾಪಕರೇ. ಕ್ಷೇತ್ರಕಾರ್ಯಕ್ಕೆ ಹೊರಡುವ ಎಂ.ಎ. ವಿದ್ಯಾರ್ಥಿಗಳು ಹೊಸ ಧ್ವನಿಮುದ್ರಣದ ಜೊತೆಗೆ ಹಳೆಯ ಕ್ಯಾಸೆಟ್ಟುಗಳನ್ನೂ ವಿಚಾರಿಸುವಂತಾದರೆ ಕೆಲಸ ಆರಂಭವಾದಂತೆಯೇ. ಗುರುತಿಸಬಲ್ಲ ಹಿರಿಯರು ಇರುವಾಗಲೇ ಅದು ನಡೆಯಬೇಕು.