ಧೂಮದಿಂದ ಅಗ್ನಿ, ಬಣ್ಣದಿಂದ ಗೆಲಾಕ್ಸಿ

ನ್ಯಾಮತಿಯ ವಾಚಕ ಮಹಾಶಯರೊಬ್ಬರು ನಮ್ಮನ್ನು ಕೇಳಿರುವರು: “ಅಳೆಯದ ಬೆಳಕನ್ನು ಯಂತ್ರವು ಊಹಿಸಿ ಬರೆಯುವುದಂತೆ. ಇದು ಶಾಸ್ತ್ರವೋ, ಕಣಿಯೋ?” ಪ್ರಶ್ನೆಯು ಸಾಧುವಾದುದು.

ಗೆಲಾಕ್ಸಿಯೆಂದರೆ ನಮ್ಮ ಆಕಾಶಗಂಗೆಯಂತೆ ಕೋಟ್ಯಂತರ ನಕ್ಷತ್ರಗಳ ಸಮೂಹ. ಅದರ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ಹರಡಿದರೆ ವರ್ಣಪಟಲವಾಗುವುದು. ಅದರೊಳಗಿನ ಗೆರೆಗಳಿಂದ ಅಲ್ಲಿನ ಮೂಲವಸ್ತುಗಳೂ, ದೂರವೂ, ನಕ್ಷತ್ರಗಳ ವಯಸ್ಸೂ ತಿಳಿದುಬರುವುವು. ಆದರೆ ಮಸುಕಾದ ಬೆಳಕನ್ನು ಸಾವಿರಾರು ಪಾಲು ಮಾಡಿದಾಗ ಒಂದೊಂದು ಪಾಲಿಗೆ ದೊರೆಯುವುದು ಅತ್ಯಲ್ಪ. ದೂರದರ್ಶಕವನ್ನು ಗಂಟೆಗಟ್ಟಲೆ ಒಂದೇ ಕಡೆಗೆ ತಿರುಗಿಸಿಡಬೇಕು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಹೊಸಕೋಟೆಯಲ್ಲಿ ಕುಳಿತೇ ಲಡಾಖಿನ ಹಾನ್ಲೆಯಲ್ಲಿರುವ ೨ ಮೀಟರಿನ ದೂರದರ್ಶಕವನ್ನು ನಡೆಸುವರು. ಅವರಿಗೂ ರಾತ್ರಿಗಳು ಎಣಿಕೆಯವೇ. ಆದಕಾರಣ ಬಹುಪಾಲು ಗೆಲಾಕ್ಸಿಗಳನ್ನು ಕೆಲವೇ ಬಣ್ಣದ ಗಾಜುಗಳ ಮೂಲಕ ಚಿತ್ರ ತೆಗೆದು ಬಿಡುವುದು ಲೋಕದ ಪದ್ಧತಿ. ಅಮೆರಿಕೆಯ ಸ್ಲೋನ್ ಸಮೀಕ್ಷೆಗೆ ೫ ಗಾಜು. ಚಿಲಿ ದೇಶದಿಂದ ೨೦೨೫ರಲ್ಲಿ ಮೊದಲ ಚಿತ್ರಗಳನ್ನು ಹೊರಡಿಸಿದ ರೂಬಿನ್ ವೇಧಶಾಲೆಗೆ ೬.

ಐದು ಅಂಕೆಗಳಿಂದ ಸಾವಿರಾರು ಅಂಕೆಗಳನ್ನು ಪಡೆಯುವುದೆಂತು? ಚಿತ್ರ, ವರ್ಣಪಟಲ ಎರಡೂ ಇರುವ ಗೆಲಾಕ್ಸಿಗಳನ್ನು ಲಕ್ಷಾಂತರವಾಗಿ ಯಂತ್ರಕ್ಕೆ ತೋರಿಸುವರು. ಇಂತಹ ಬಣ್ಣಗಳಿದ್ದಲ್ಲಿ ಇಂತಹ ಗೆರೆಗಳೆಂಬ ನಂಟನ್ನು ಅದು ತಾನೇ ಹಿಡಿಯುವುದು. ಈ ನಂಟಿಗೆ ನಮ್ಮ ನೈಯಾಯಿಕರು ವ್ಯಾಪ್ತಿಯೆಂದು ಹೆಸರಿಟ್ಟರು. ಅಡಿಗೆಮನೆಯಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಜೊತೆಯಾಗಿ ಕಂಡವನು ಬೆಟ್ಟದ ಹೊಗೆಯಿಂದ ಅಲ್ಲಿ ಬೆಂಕಿಯನ್ನು ಅನುಮಾನಿಸುವನಷ್ಟೆ. ಆದುದರಿಂದ ಇದು ಕಣಿಯಲ್ಲ.

ಆದರೆ ವ್ಯಾಪ್ತಿಯು ಕಂಡಷ್ಟಕ್ಕೇ. ಚನ್ನಗಿರಿಯ ಚೇಣಿದಾರನು ನಾಲ್ಕು ಮರಗಳ ಗೊನೆ ನೋಡಿ ತೋಟದ ಅಡಿಕೆಯನ್ನೆಲ್ಲ ಅಂದಾಜು ಮಾಡುವನು. ಅವನನ್ನೇ ಜಗಳೂರಿನ ಕೊಳವೆಬಾವಿಯ ತೋಟಕ್ಕೆ ಕರೆದೊಯ್ದರೆ ಪಳಗಿದ ಕಣ್ಣೇ ಮೋಸಹೋದೀತು. ಯಂತ್ರವು ಹೆಚ್ಚಾಗಿ ಕಲಿತದ್ದು ಉಜ್ಜ್ವಲವಾದ ಗೆಲಾಕ್ಸಿಗಳಲ್ಲಿ. ಅದನ್ನು ಕೇಳುವುದೋ ಮಸುಕಾದವುಗಳ ವಿಷಯವನ್ನು! ಮತ್ತೊಂದು ತೊಡಕು. ಹೊನ್ನಾಳಿಯಲ್ಲಿ ಹೊಳೆ ಕೆಂಪಾದರೆ ಮಲೆನಾಡಿನಲ್ಲಿ ಮಳೆಯೆಂದು ಹೇಳಿಬಿಡಬಹುದು. ಗೆಲಾಕ್ಸಿಯ ಕೆಂಪಿಗೆ ಕಾರಣವು ಮುದಿ ನಕ್ಷತ್ರಗಳಿರಬಹುದು, ಧೂಳಿರಬಹುದು, ಅತಿ ದೂರವೂ ಇರಬಹುದು. ಬಲ್ಲವರು ಆದಕಾರಣ ಯಂತ್ರದಿಂದ ಒಂದೇ ಉತ್ತರವನ್ನು ಪಡೆಯದೆ, ಸಂಭವವಿರುವ ಹಲವು ವರ್ಣಪಟಲಗಳನ್ನು ಬರೆಯಿಸಿ, ಅವು ಒಂದಕ್ಕೊಂದು ಎಷ್ಟು ಹೊಂದುವುವೆಂದು ನೋಡುವರು. ಈ ಎಚ್ಚರವು ನಮಗೆ ಮೆಚ್ಚಿಕೆಯಾಯಿತು.

ಯಾವ ಗೆಲಾಕ್ಸಿಯನ್ನು ಮೊದಲು ನೋಡತಕ್ಕದ್ದೆಂದು ಆರಿಸಲು ಇಷ್ಟು ಸಾಕು. ಹಿಂದೆಂದೂ ಕಾಣದ ವಿಚಿತ್ರವೊಂದು ಎದುರಾದರೆ ಮಾತ್ರ ಯಂತ್ರವು ಅದನ್ನೂ ಕಂಡವುಗಳ ಸಾಲಿಗೇ ಸೇರಿಸಿಬಿಡುವ ಭಯವುಂಟು. ಅದಕ್ಕೆ ಹಾನ್ಲೆಯಂತಹ ಕಡೆಯ ರಾತ್ರಿಯೊಂದನ್ನು ವ್ಯಯಮಾಡಲೇಬೇಕು.