ನಿಮ್ಮ ಮಟನ್ ಮ್ಯಾಲೆ ಮುದ್ರೆ ಐತೇನು?

1/7

ದೋಸ್ತರ, ಭಾನುವಾರ ಮಧ್ಯಾಹ್ನ ನಿಮ್ಮ ಸ್ಟೋರಿ ನೋಡಿದ್ರ ಸಾಕು, ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಊರಿನ ಊಟ ಗೊತ್ತಾಗ್ತೈತಿ. ಜೋಳದ ರೊಟ್ಟಿ, ಮಟನ್ ಸಾರು, ಉಳ್ಳಾಗಡ್ಡಿ, ಲಿಂಬಿಹಣ್ಣಿನ ಹೋಳು. ನಮ್ಮ ಮನ್ಯಾಗೂ ಅದ. ಮಾಂಸ ತಿನ್ನಬ್ಯಾಡ್ರಿ ಅಂತ ಹೇಳಾಕ ಈ ಸರಣಿ ಬರೀತಿಲ್ಲ. ಆ ಜಗಳಕ್ಕ ಬಂದವರು ಇಲ್ಲಿಂದನ ಮುಂದ ಸ್ಕ್ರೋಲ್ ಮಾಡ್ರಿ.

ನನ್ನ ಪ್ರಶ್ನೆ ಒಂದ. ನಿಮ್ಮ ತಾಟಿಗೆ ಬಂದ ಆ ಕುರಿ ಜೀವಂತ ಇದ್ದಾಗ ಯಾರಾದ್ರೂ ಪಶುವೈದ್ಯರು ಅದನ್ನ ನೋಡಿದ್ರೇನು?

ಹೊಸ ಫೋನ್ ತಗೊಳ್ಳೋ ಮುಂದ ಹತ್ತು ರಿವ್ಯೂ ನೋಡ್ತೀವಿ. ಹಾಲಿನ ಪ್ಯಾಕೆಟ್ ಮ್ಯಾಲೆ ತಾರೀಕು ನೋಡ್ತೀವಿ. ಮಟನ್ ಅಂಗಡ್ಯಾಗ ಮಾತ್ರ "ತಾಜಾ ಐತೇನಣ್ಣ?" ಅಂತ ಕೇಳಿ ಸುಮ್ಮನಾಗ್ತೀವಿ. ತಾಜಾ ಅಂದ್ರ ಯಾವಾಗ ಕೊಯ್ದ್ರು ಅನ್ನೋ ಲೆಕ್ಕ ಅಷ್ಟ. ಕೊಯ್ಯೋ ಮೊದಲು ಆ ಪ್ರಾಣಿ ಹೆಂಗಿತ್ತು ಅನ್ನೋದು ಬ್ಯಾರೆ ಲೆಕ್ಕ. ಜ್ವರ ಬಂದ ಕುರೀನ ಬೆಳಿಗ್ಗೆ ಐದಕ್ಕ ಕೊಯ್ದ್ರ ಏಳಕ್ಕ ಅದೂ ತಾಜಾನ ಇರ್ತೈತಿ.

2/7

"ಇದೆಲ್ಲ ದೊಡ್ಡ ಸಿಟಿ ಮಾತು, ನಮ್ಮೂರಾಗ ಯಾರು ನೋಡ್ತಾರ?" ಅಂತೀರಿ. ಕಾನೂನಿನಾಗ ದೊಡ್ಡ ಸಿಟಿ, ಸಣ್ಣ ಊರು ಅನ್ನೋ ಭೇದ ಇಲ್ಲ.

2001ರ ವಧಾಗಾರ ನಿಯಮಗಳು ಇವೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ ಮಾಡಿದ್ದು. ಊರೊಳಗೆ, ಅಂದರೆ ನಗರಸಭೆ–ಪುರಸಭೆ ವ್ಯಾಪ್ತಿಯಲ್ಲಿ, ಮಾನ್ಯತೆ ಅಥವಾ ಲೈಸೆನ್ಸ್ ಇರುವ ವಧಾಗಾರ ಬಿಟ್ಟು ಬೇರೆಲ್ಲೂ ಪ್ರಾಣಿ ಕೊಯ್ಯುವಂತಿಲ್ಲ. ಗಬ್ಬದ ಪ್ರಾಣಿ ಕೊಯ್ಯುವಂತಿಲ್ಲ. ಮೂರು ತಿಂಗಳೊಳಗಿನ ಮರಿಯನ್ನಾಗಲಿ, ಅಂಥ ಮರಿ ಇರುವ ತಾಯಿಯನ್ನಾಗಲಿ ಕೊಯ್ಯುವಂತಿಲ್ಲ. ಕೊಯ್ಯಲು ಯೋಗ್ಯ ಅಂತ ಪಶುವೈದ್ಯರು ಪ್ರಮಾಣಪತ್ರ ಕೊಡದ ಯಾವ ಪ್ರಾಣಿಯನ್ನೂ ಕೊಯ್ಯುವಂತಿಲ್ಲ.

ಇನ್ನೊಂದು ಲೆಕ್ಕ ಕೇಳ್ರಿ. ಒಬ್ಬ ವೈದ್ಯರು ಗಂಟೆಗೆ 12ಕ್ಕಿಂತ ಹೆಚ್ಚು, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿ ಪರೀಕ್ಷೆ ಮಾಡಬಾರದು ಅಂತ ಅದೇ ನಿಯಮ ಹೇಳುತ್ತದೆ. ಅಂದ್ರ ಒಂದು ಕುರಿಗೆ ಕಮ್ಮಿ ಅಂದ್ರೂ 5 ನಿಮಿಷ. ಬಾಗಿಲಾಗ ನಿಂತು ಹಿಂಡು ಎಣಿಸಿ ಸಹಿ ಹಾಕಿದ್ರ ಅದು ಪರೀಕ್ಷೆ ಅಲ್ಲ.

2006ರ ಆಹಾರ ಸುರಕ್ಷತೆ ಕಾಯ್ದೆಯ ಕೆಳಗಿನ 2011ರ ನಿಯಮಗಳೂ ಇದನ್ನೇ ಹೇಳುತ್ತವೆ. ಕೊಯ್ಯುವ ಮೊದಲು ಒಮ್ಮೆ, ಕೊಯ್ದ ಮೇಲೆ ಒಮ್ಮೆ ಪಶುವೈದ್ಯರ ಪರೀಕ್ಷೆ. ಪಾಸಾದ ಮಾಂಸಕ್ಕೆ ಶಾಯಿ ಮುದ್ರೆ. ನಿಮ್ಮಲ್ಲಿ ಎಷ್ಟು ಮಂದಿ ಆ ಮುದ್ರೆ ಕಣ್ಣಾರೆ ನೋಡೀರಿ? ಕಾಮೆಂಟ್‌ನಾಗ ನಿಜ ಹೇಳ್ರಿ.

3/7

"ಕೊಯ್ದ ಮ್ಯಾಲೆ ನೋಡಿದ್ರ ಸಾಲದೇನು? ಜೀವಂತ ಇದ್ದಾಗ ಯಾಕ?"

ಯಾಕಂದ್ರ ಕೆಲವು ರೋಗ ಜೀವಂತ ಪ್ರಾಣಿಯಲ್ಲಿ ಮಾತ್ರ ಕಣ್ಣಿಗೆ ಕಾಣ್ತಾವ. ಹುಚ್ಚುನಾಯಿ ಕಡಿದ ಆಡು ಜೊಲ್ಲು ಸುರಿಸ್ತೈತಿ, ವಿಚಿತ್ರವಾಗಿ ಒದರ್ತೈತಿ, ಹಿಂಗಾಲು ಎಳೀತೈತಿ. ಚರ್ಮ ಸುಲಿದು ಕೊಕ್ಕಿಗೆ ತೂಗು ಹಾಕಿದ್ರ? ಪಕ್ಕದ ಆಡಿಗೂ ಅದಕ್ಕೂ ಏನೂ ವ್ಯತ್ಯಾಸ ಕಾಣಂಗಿಲ್ಲ. ಧನುರ್ವಾಯುವೂ ಹಂಗ.

ನೆರಡಿ ರೋಗ, ಅಂದ್ರ ಅಂಥ್ರಾಕ್ಸ್, ಇನ್ನೂ ಕೆಟ್ಟದ್ದು. ಪ್ರಾಣಿ ದಿಢೀರ್ ಅಂತ ಬೀಳ್ತೈತಿ. ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರ್ತೈತಿ. ಅಂಥ ದೇಹವನ್ನ ಕೊಯ್ದು ತೆರೀಲೇಬಾರದು. ತೆರೆದರೆ ರೋಗಾಣು ಗಾಳಿ ತಾಗಿ ಬೀಜಕ ಆಗುತ್ತದೆ, ಆ ಬೀಜಕ ಮಣ್ಣಲ್ಲಿ ದಶಕಗಟ್ಟಲೆ ಬದುಕುತ್ತದೆ. ಆಂಧ್ರದ ಅರಕು, ಒಡಿಶಾದ ಕೊರಾಪುಟ್ ಕಡೆ ರೋಗದಿಂದ ಸತ್ತ ಪ್ರಾಣಿ ಕೊಯ್ದು ತಿಂದವರಿಗೆ ಅಂಥ್ರಾಕ್ಸ್ ಬಂದದ್ದು ದಾಖಲಾಗಿದೆ. "ಸಾಯೋಕಿಂತ ಮೊದಲ ಕತ್ತಿ ಹಾಕಿಬಿಡು" ಅನ್ನೋ ಮಾತು ನಮ್ಮ ಕಡೆನೂ ಕೇಳೀರಿ. ಆ ಮಾತಿನ ಅಪಾಯ ಇದ.

ಮೂರನೇದು ಇಂಜೆಕ್ಷನ್. ಕುರಿಗೆ ಜಡ್ಡು ಬಂತು, ಆಂಟಿಬಯೋಟಿಕ್ ಕೊಟ್ರು, ಗುಣ ಆಗಲಿಲ್ಲ, ಮರುದಿನ ಮಾರಿದ್ರು. ಔಷಧಿ ಕೊಟ್ಟ ಮೇಲೆ ಇಷ್ಟು ದಿನ ಕೊಯ್ಯಬಾರದು ಅಂತ ಪ್ರತಿ ಔಷಧಿಗೂ ಒಂದು ಅವಧಿ ಇರುತ್ತದೆ. ಅದನ್ನ ಕೇಳೋರು ಇಲ್ಲ ಅಂದ್ರ ಆ ಔಷಧಿಯ ಉಳಿಕೆ ನೇರ ನಿಮ್ಮ ಸಾರಿಗೆ.

ಇದರಾಗ ಮೊದಲು ಸಿಗಾಕ್ಕೊಳ್ಳೋರು ತಿನ್ನೋ ನಾವಲ್ಲ. ಬರಿಗೈಲೆ ತಲಿ ಒಡಿಯೋ, ಕರುಳು ತೊಳಿಯೋ ಹುಡುಗರು. ಅವರಾಗ ನಮ್ಮ ವಯಸ್ಸಿನವರು ಎಷ್ಟು ಮಂದಿ ಅದಾರ ನೋಡ್ರಿ. ಬ್ರುಸೆಲ್ಲೋಸಿಸ್ ಅನ್ನೋ ರೋಗ ಗಬ್ಬದ ಕುರಿಯ ಗರ್ಭಚೀಲ, ರಕ್ತ ಮುಟ್ಟಿದ ಗಾಯದ ಕೈಯಿಂದಲೇ ಒಳಗೆ ಹೋಗುತ್ತದೆ. ಬಂದು ಬಂದು ಹೋಗುವ ಜ್ವರ, ಕೀಲುನೋವು. ಟೈಫಾಯ್ಡ್ ಅಂತ ತಿಂಗಳುಗಟ್ಟಲೆ ಬ್ಯಾರೆ ಗುಳಿಗಿ ನುಂಗಿದ್ರ ಹೋಗಂಗಿಲ್ಲ.

4/7

ಈಗ ಕುರಿಗಾರರ ಕಡೆಯಿಂದ ನೋಡೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ಕೊಯ್ಲು ಮುಗಿದ ಮೇಲೆ ಹಿಂಡು ನಿಲ್ಲಿಸಿಕೊಂಡು, ಬಿಸಿಲು–ಮಳಿ ಅನ್ನದ ತಿರುಗೋ ಮಂದಿ. ಒಂದು ಕುರಿ ಮಂಕಾದ್ರ ಅವರ ಎದಿ ಹೊಡಕೊಳ್ತೈತಿ. ಸತ್ರ ಪೂರಾ ಹಾನಿ. ಸಾಯೋ ಮೊದಲು ಮಾರಿದ್ರ ಅರ್ಧಾನಾದ್ರೂ ಕೈಗೆ. ಆ ಲೆಕ್ಕ ಹಾಕಿದವರನ್ನ ಬೈಯೋಕೆ ನನಗ ಬಾಯಿ ಬರಂಗಿಲ್ಲ.

ಸರ್ಕಾರದ ಅನುಗ್ರಹ ಯೋಜನೆ ಗೊತ್ತಿರಬೇಕು. 2023–24ರ ಬಜೆಟ್‌ನಲ್ಲಿ ಮತ್ತೆ ಶುರು ಮಾಡಿದ್ದು: ಕುರಿ–ಮೇಕೆ ಸತ್ತರೆ ಆಗ 5,000 ರೂಪಾಯಿ ಅಂತ ಇತ್ತು. ಅದಕ್ಕೆ ಪಶುವೈದ್ಯರ ಮರಣೋತ್ತರ ಪರೀಕ್ಷೆ ಬೇಕು. ಒಳ್ಳೇ ಯೋಜನೆ, ನಾನು ಕೈ ಮುಗೀತೀನಿ.

ಆದ್ರ ಒಂದು ಸಲ ಯೋಚನೆ ಮಾಡ್ರಿ. ಸತ್ತು ಮಣ್ಣಿಗೆ ಹೋಗೋ ಕುರಿಗೆ ಡಾಕ್ಟರ್, ರಿಪೋರ್ಟು, ಸಹಿ ಎಲ್ಲ ಬೇಕು. ನಮ್ಮ ಹೊಟ್ಟಿಗೆ ಹೋಗೋ ಕುರಿಗೆ ಬ್ಯಾಡೇನು?

ಕೊಯ್ಯೋಕೆ ಮೊದಲಿನ ಪರೀಕ್ಷೆಯಲ್ಲಿ ರೋಗ ಅಂತ ತಡೆದ ಕುರಿಗೂ ಅಂಥ ಪರಿಹಾರ ಕೊಡ್ರಿ ಅಂತ ನಾವು ಕೇಳಬೇಕು. ಆಗ ರೋಗ ಮುಚ್ಚಿಟ್ಟು ಮಾರೋ ಅನಿವಾರ್ಯತೆ ಕುರಿಗಾರರಿಗೆ ಇರಂಗಿಲ್ಲ. ನಷ್ಟ ಪೂರಾ ಬಡವರ ತಲಿಮ್ಯಾಲೆ ಹಾಕಿ "ಪ್ರಾಮಾಣಿಕ ಆಗಿರ್ರಿ" ಅಂತ ಭಾಷಣ ಮಾಡಿದ್ರ ಯಾವ ರೋಗಾನೂ ನಿಲ್ಲಂಗಿಲ್ಲ.

5/7

ಮಸ್ಕಿ ಮಂದಿಗೆ ಒಂದು ಮಾತು. 1915ರಲ್ಲಿ ನಿಮ್ಮ ಗುಡ್ಡದ ಬಂಡೆಗಲ್ಲಿನ ಮೇಲೆ ಶಾಸನ ಸಿಕ್ಕಿತು. 'ದೇವಾನಾಂಪ್ರಿಯ' ಅಂದರೆ ಅಶೋಕನೇ ಅಂತ ಜಗತ್ತಿಗೆ ಹೆಸರು ಹಿಡಿದು ಹೇಳಿದ್ದು ಅದೇ ಕಲ್ಲು. ಅದರ ಮುಂದ ಎಷ್ಟು ಸೆಲ್ಫಿ ತಗೊಂಡೀವೋ ಲೆಕ್ಕ ಇಲ್ಲ.

ಅದೇ ಅಶೋಕ ಉತ್ತರದ ಕಂಬಗಳ ಮೇಲೆ ಬರೆಸಿದ ಐದನೇ ಸ್ತಂಭ ಶಾಸನದಲ್ಲಿ ಏನು ಹೇಳಿದ್ದಾನೆ ಗೊತ್ತಾ? ಗಬ್ಬದ ಅಥವಾ ಮರಿಗೆ ಹಾಲೂಡಿಸುವ ಕುರಿ, ಆಡುಗಳನ್ನು ಕೊಲ್ಲಬಾರದು. ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದು. 2,200 ವರ್ಷಕ್ಕೂ ಹಿಂದಿನ ಮಾತು. ಮೇಲೆ 2/7ರಲ್ಲಿ ಹೇಳಿದ 2001ರ ನಿಯಮದ ಪಕ್ಕಕ್ಕೆ ಇಟ್ಟು ನೋಡ್ರಿ, ಹೆಚ್ಚುಕಮ್ಮಿ ಒಂದೇ ಪಟ್ಟಿ. ನಿಯಮ ಕಲ್ಲಿನ ಮ್ಯಾಲೂ ಬಂತು, ಗೆಜೆಟ್‌ನಾಗೂ ಬಂತು. ಭಾನುವಾರದ ಸಂದಿಗೆ ಬಂತೇನು ಅನ್ನೋದು ನಮ್ಮ ಪ್ರಶ್ನೆ.

ಇನ್ನು ನಮ್ಮ ರಾಜ್ಯದಾಗ ಪ್ರಾಣಿ, ಸರ್ಟಿಫಿಕೇಟು ಅಂದ ಕೂಡಲೇ ಗದ್ದಲ ಎಲ್ಲ ದನದ ಸುತ್ತ. 1964ರ ಕಾಯ್ದೆ, 2020ರ ಕಾಯ್ದೆ, ಎಮ್ಮೆಗೆ 12 ವರ್ಷವೋ 13 ವರ್ಷವೋ ಅಂತ ಟಿವಿ ಚರ್ಚೆ. ಯಾವ ಪಕ್ಷದವರು ಬಂದ್ರೂ ಅದ ಕಥಿ. ನಾವೆಲ್ಲ ದಿನಾ ತಿನ್ನೋ ಕುರಿಗೆ ಜ್ವರ ಇತ್ತಾ ಅಂತ ಒಂದು ಸಂಜಿ ಚರ್ಚೆ ಆಗಿದ್ದು ನೋಡೀರೇನು? ಅದರಿಂದ ವೋಟು ಬರಂಗಿಲ್ಲ, ಅದಕ್ಕ.

6/7

ಡಿಎಂನಾಗ ಬರೋ ಮಾತಿಗೆ ಇಲ್ಲೇ ಉತ್ತರ.

"ಕುದಿಸಿದ್ರ ಎಲ್ಲಾ ಸಾಯ್ತೈತಿ." ಬಹಳಷ್ಟು ರೋಗಾಣು ಸಾಯ್ತಾವ, ಖರೇ. ಅಂಥ್ರಾಕ್ಸ್ ಬೀಜಕ ಮಾಮೂಲಿ ಅಡಿಗಿ ಕುದಿಗೆ ಸಾಯ್ತೈತಿ ಅಂತ ನಂಬಂಗಿಲ್ಲ. ಔಷಧಿ ಉಳಿಕೆ ಎಲ್ಲ ಕುದಿಸಿದ್ರೂ ಹೋಗಂಗಿಲ್ಲ. ಮತ್ತ ನೀವು ಕುದಿಸೋಕೆ ಮೊದಲೇ ನಾಲ್ಕು ಜನರ ಕೈ ಅದನ್ನ ಮುಟ್ಟಿರ್ತಾವ.

"ನಮ್ಮಜ್ಜ ಹಿಂಗ ತಿಂದು ಎಂಬತ್ತು ವರ್ಷ ಬದುಕಿದ." ಬದುಕಿದ ಅಜ್ಜ ಕಥಿ ಹೇಳ್ತಾನ. ಸಣ್ಣ ವಯಸ್ಸಿನಾಗ ಹೋದವರ ಕಥಿ ಯಾರು ಹೇಳಬೇಕು?

"ರೇಟು ಏರ್ತೈತಿ." ಒಂದು ಕುರಿ ಪರೀಕ್ಷೆಗೆ 50 ರೂಪಾಯಿ ಫೀಸು, ಆ ಕುರಿಗೆ 10 ಕಿಲೋ ಮಾಂಸ ಅಂತ ಇಟ್ಕೊಳ್ರಿ. ಕಿಲೋಗೆ ಬಿದ್ದದ್ದು 5 ರೂಪಾಯಿ. ಒಂದು ಚಾದ ದುಡ್ಡೂ ಅಲ್ಲ.

"ಭಾನುವಾರ ನಸುಕಿನ್ಯಾಗ ಡಾಕ್ಟರ್ ಎಲ್ಲಿಂದ ತರ್ತೀರಿ?" ನಸುಕಿನ್ಯಾಗ ಯಾಕ ತರಬೇಕು? ಶನಿವಾರ ಸಂಜಿಕ ಅಂಗಡಿಯವರು ತಮ್ಮ ತಮ್ಮ ಕುರಿ ಒಂದು ದೊಡ್ಡಿಗೆ ತರಲಿ. ವೈದ್ಯರು ಬಾಯಿ, ಮೂಗು, ಉಸಿರು, ನಡಿಗಿ, ಜ್ವರ ನೋಡಿ ಪಾಸಾದ್ದಕ್ಕ ಗುರುತು ಹಾಕಲಿ. ರಾತ್ರಿ ನೀರು ಕುಡಿದು ಮಲಗಲಿ. ನಸುಕಿನ್ಯಾಗ ಅಲ್ಲೇ ಕೊಯ್ಯಲಿ. ದಣಿದ ಪ್ರಾಣಿಗಿಂತ ವಿಶ್ರಾಂತಿ ಪಡೆದ ಪ್ರಾಣಿಯ ಮಾಂಸ ಚಲೋ ಅಂತ ಅನುಭವ ಇದ್ದ ಅಂಗಡಿಯವರೇ ಹೇಳ್ತಾರ. ಕೊಯ್ದ ಮ್ಯಾಲಿನ ಪರೀಕ್ಷೆಗೆ ಬೆಳಿಗ್ಗೆ ಒಬ್ಬ ವೈದ್ಯರ ಪಾಳಿ ಹಚ್ಚಿದ್ರ ಸಾಕು.

7/7

ಕೊನೇದಾಗಿ, ಯಾರನ್ನ ಕೇಳಬೇಕು?

ಅಂಗಡಿಯವರನ್ನಲ್ಲ. ದಯವಿಟ್ಟು ಯಾರೂ ಮಟನ್ ಅಂಗಡಿ ಮುಂದ ನಿಂತು ವಿಡಿಯೋ ಮಾಡಿ ಅವರ ಮಾನ ಕಳೀಬ್ಯಾಡ್ರಿ. ಇದರಾಗ ಜಾತಿ, ಧರ್ಮ ಎಳೆದು ತಂದವರ ಕಾಮೆಂಟ್ ನಾನು ಡಿಲೀಟ್ ಮಾಡ್ತೀನಿ. ವಧಾಗಾರಕ್ಕೆ ಹೋಗಿ ಕೊಯ್ಯಿ ಅಂತ ಕಾನೂನು ಹೇಳ್ತೈತಿ. ಆ ವಧಾಗಾರ ಕಟ್ಟಿಸಿ ನಡೆಸೋ ಶಕ್ತಿ ಒಬ್ಬ ಅಂಗಡಿಯವನಿಗೆ ಇಲ್ಲ. ಅದು ಇಲ್ಲದ ಊರಾಗ ಕಾನೂನು ಮುರೀಲಾರದ ಅವನು ಹೊಟ್ಟಿ ಹೊರಿಯೋದು ಹೆಂಗ?

ಸಂವಿಧಾನದ 12ನೇ ಅನುಸೂಚಿ ತೆಗೆದು 18ನೇ ವಿಷಯ ಓದ್ರಿ. ವಧಾಗಾರಗಳ ನಿಯಂತ್ರಣ ನಗರ ಸ್ಥಳೀಯ ಸಂಸ್ಥೆಗಳ ಕೆಲಸ. ಅಂದ್ರ ಸಿಂಧನೂರಿನಾಗ ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿಯಾಗ ಪುರಸಭೆ. ಪ್ರಶ್ನೆ ಹೋಗಬೇಕಾದ ಬಾಗಿಲು ಅದ.

ಮಾಹಿತಿ ಹಕ್ಕು ಅರ್ಜಿ ಹಾಕ್ರಿ. ಫೀಸು 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಇಷ್ಟು ಬರೆದ್ರ ಸಾಕು:

ಒಂದು: ನಮ್ಮ ಊರಲ್ಲಿ ಲೈಸೆನ್ಸ್ ಪಡೆದ ವಧಾಗಾರ ಎಲ್ಲಿದೆ?
ಎರಡು: ಅಲ್ಲಿ ಪ್ರಾಣಿ ಪರೀಕ್ಷೆಗೆ ನೇಮಿಸಿದ ಪಶುವೈದ್ಯರ ಹುದ್ದೆ ಯಾವುದು, ಪರೀಕ್ಷೆಯ ದಿನ–ಸಮಯ ಯಾವುದು?
ಮೂರು: ಕಳೆದ 12 ತಿಂಗಳಲ್ಲಿ ಪರೀಕ್ಷೆಯಾದ ಕುರಿ–ಮೇಕೆ ಎಷ್ಟು, ತಿರಸ್ಕರಿಸಿದ್ದು ಎಷ್ಟು? ರಿಜಿಸ್ಟರ್ ಪ್ರತಿ ಕೊಡಿ.

ಮೂರನೇ ಪ್ರಶ್ನೆ ಮುಖ್ಯ. ಪರೀಕ್ಷೆ ನಡೀತೈತಿ ಅಂತ ಬಾಯಿಮಾತಿನಾಗ ಯಾರು ಬೇಕಾದ್ರೂ ಹೇಳ್ತಾರ. ವರ್ಷಪೂರ್ತಿ ಒಂದೂ ಕುರಿ ತಿರಸ್ಕಾರ ಆಗಿಲ್ಲ ಅಂತ ಉತ್ತರ ಬಂದ್ರ ಅದರ ಅರ್ಥ ಏನು ಅಂತ ನಿಮಗ ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಊರಿಂದ ಮೂರು ಮಂದಿ ಬೇಕು. ಅರ್ಜಿ ಹಾಕೋರು ನಿಮ್ಮ ಊರಿನ ಹೆಸರು ಕೆಳಗ ಬರೀರಿ, 10 ರೂಪಾಯಿ ಪೋಸ್ಟಲ್ ಆರ್ಡರ್ ನಾನು ಕೊಡ್ತೀನಿ. ಬಂದ ಉತ್ತರ, ಚಲೋ ಇದ್ರೂ ಕೆಟ್ಟದ್ದಿದ್ರೂ, ಇಲ್ಲೇ ಹಾಕೋಣ.